ನಿಂಬೆಹಣ್ಣು ಒಡೆಯದ ಗಾಡಿ

ನನ್ನ ಮಗಳು ಎಂಜಿನಿಯರಿಂಗ್ ಓದುವಾಗ ಕಾಲೇಜಿನ ಹುಡುಗರ ಜೊತೆ ಸೇರಿ ಒಂದು ಗಾಡಿ ಕಟ್ಟಿದಳು. ಗಾಡಿ ಎಂದರೆ ನಾವು ನೀವು ಗಾಡಿ ಎನ್ನುವಂಥದ್ದಲ್ಲ. ಬಾಗಿಲಿಲ್ಲ, ಗಾಜಿಲ್ಲ, ತಲೆಯ ಮೇಲೆ ಸೂರಿಲ್ಲ. ಕಬ್ಬಿಣದ ಪೈಪು ಬಗ್ಗಿಸಿ ಬೆಸೆದ ಒಂದು ಪಂಜರ, ಅದರೊಳಗೆ ಒಬ್ಬರೇ ಕೂರುವ ಸೀಟು, ಬೆನ್ನ ಹಿಂದೆ ಎಂಜಿನ್ನು, ನಾಲ್ಕು ಮೂಲೆಗೆ ನಾಲ್ಕು ದಪ್ಪ ಚಕ್ರ. ರಸ್ತೆ ಇಲ್ಲದ ಕಡೆ ಓಡಿಸಲೆಂದೇ ಮಾಡಿದ್ದು. ಕಲ್ಲು, ಹಳ್ಳ, ಕೆಸರು, ದಿಬ್ಬ ಏನೇ ಬಂದರೂ ದಾಟುತ್ತದಂತೆ. ಮಳೆಗಾಲ ಮುಗಿದ ಮೇಲೆ ವಡೋದರಾದಲ್ಲಿ, ಅದರಲ್ಲೂ ನಮ್ಮ ಗೋರ್ವಾದ ಒಳರಸ್ತೆಗಳಲ್ಲಿ, ನನ್ನ ಸ್ಕೂಟರೂ ಅಷ್ಟನ್ನು ದಾಟುತ್ತದೆ ಎಂದು ನಾನು ಹೇಳಿದೆ. ಅವಳು ನಗಲಿಲ್ಲ. ಗಾಡಿಯ ವಿಷಯದಲ್ಲಿ ಅವಳು ನಗುತ್ತಿರಲಿಲ್ಲ.

ನಾವು ಹುಬ್ಬಳ್ಳಿ ಕಡೆಯವರು. ಜೀವವಿಮೆಯ ಕಚೇರಿಯಲ್ಲಿರುವ ನನಗೆ ಇಲ್ಲಿಗೆ ವರ್ಗವಾದಾಗ ಮಗಳು ಇನ್ನೂ ಅಂಗನವಾಡಿಯ ವಯಸ್ಸಿನವಳು. ಯಜಮಾನರು ಬ್ಯಾಂಕಿನವರು. ಈ ಗಾಡಿಯ ಕಾಲಕ್ಕೆ ಅವರ ಶಾಖೆ ಸೂರತ್ತಿನ ಪಾಂಡೇಸರಾದಲ್ಲಿ. ಸೀರೆಗೆ ಬಣ್ಣ ಹಾಕುವ ಮಿಲ್ಲುಗಳ ನಡುವೆ ವಾರವೆಲ್ಲ ಕೂತು ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಬಂದವರೇ ಮಲಗುತ್ತಿದ್ದರು. ಹಾಗಾಗಿ ಮನೆಯಲ್ಲಿ ಎಚ್ಚರವಿರುವವರು ಮೂರು ಜನ: ನಾನು, ಮಗಳು, ನನ್ನ ಅತ್ತೆ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಮೊಮ್ಮಗಳಿಗೆ ಕನ್ನಡ ಬಿಟ್ಟು ಎಲ್ಲ ಬರುತ್ತದೆ. ಅವಳ ಕನ್ನಡ ನಮ್ಮ ಅಡುಗೆಮನೆಯಷ್ಟೇ ದೊಡ್ಡದು: ಹಸಿವು, ಊಟ, ಬಿಸಿ, ಸಾಕು. ಅಷ್ಟರಲ್ಲೇ ಇಬ್ಬರೂ ಹದಿನೈದು ವರ್ಷ ಸಂಸಾರ ಮಾಡಿದ್ದಾರೆ. ನನಗೂ ಯಜಮಾನರಿಗೂ ಪೂರ್ತಿ ಭಾಷೆ ಇದ್ದೂ ಅಷ್ಟು ಸಾಧ್ಯವಾಗಿಲ್ಲ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಮನುಷ್ಯ ಯಾವ ಯಾವ ರೀತಿಯಲ್ಲಿ ಸಾಯಬಹುದು ಎಂಬುದು ದಿನವಿಡೀ ನನ್ನ ಮೇಜಿನ ಮೇಲೆ ಬರುತ್ತದೆ. ಅದನ್ನು ಮನೆಯಲ್ಲಿ ಹೇಳಿದರೆ ಅಪಶಕುನ ಎನ್ನುತ್ತಾರೆ, ಕಚೇರಿಯಲ್ಲಿ ಹೇಳಿದರೆ ಪಾಲಿಸಿ ಎನ್ನುತ್ತಾರೆ. ಆದ್ದರಿಂದ ಮಗಳು ಒಂದು ದಿನ ಊಟಕ್ಕೆ ಕೂತು, ದೀಪಾವಳಿ ಮುಗಿದ ಮೇಲೆ ಅಹಮದಾಬಾದಿನ ಹೊರಗಿನ ಬಯಲಲ್ಲಿ ಇಂಥ ಗಾಡಿಗಳ ಪಂದ್ಯವಿದೆ, ನಮ್ಮ ಗಾಡಿ ಓಡಿಸುವವಳು ನಾನೇ, ಎಂದಾಗ ನಾನು ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಅತ್ತೆ ಹೇಳಿದರು.

"ಮಾಡಿದಾಕಿ ನೀನು, ಖರೆ. ಓಡಸೂದು ಬ್ಯಾರೆಯವರು ಓಡಸಲಿ. ಅಡಗಿ ಮಾಡಿದಾಕಿನ ಎಲ್ಲಾರಕಿಂತ ಮೊದಲ ಉಣ್ಣಬೇಕಂತ ಎಲ್ಲೈತಿ?"

ಮಗಳಿಗೆ ಇದರಲ್ಲಿ ಅರ್ಧ ಅರ್ಥವಾಯಿತು. ತಂಡದಲ್ಲಿ ಅವಳೇ ಹಗುರ, ಹಗುರಾದವರು ಓಡಿಸಿದರೆ ಗಾಡಿ ಬೇಗ ಓಡುತ್ತದೆ, ಅದಕ್ಕೆ ಅವಳನ್ನು ಆರಿಸಿದ್ದಾರೆ ಎಂದು ನನಗೆ ಹಿಂದಿಯಲ್ಲಿ ಹೇಳಿದಳು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಅವಳ ತೋಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹುಡುಗಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂಬುದು ಆ ನೋಟದ ಅರ್ಥ. ಅತ್ತೆಯೂ ಅಷ್ಟೇ ತೆಳ್ಳಗಿದ್ದಾರೆ. ಅವರಿಗೆ ಊಟ ಹಾಕಿದವರು ಯಾರು ಎಂದು ನಾನು ಕೇಳಲಿಲ್ಲ.

ಮಗಳಿಗೆ ಆ ತಂಡದಲ್ಲಿ ಎರಡು ಕೆಲಸ. ಓಡಿಸುವುದು ಒಂದು. ಸಸ್ಪೆನ್ಷನ್ ಹೊಂದಿಸುವುದು ಇನ್ನೊಂದು. ಎರಡನೆಯದನ್ನು ಅವಳು ನನಗೆ ವಿವರಿಸಿದ್ದು ಭಾನುವಾರ ನಾನು ಬಟ್ಟೆ ಒಣಹಾಕುವಾಗ. ಪ್ರತಿ ಚಕ್ರಕ್ಕೂ ಒಂದು ಶಾಕ್ ಅಬ್ಸಾರ್ಬರು, ಅದನ್ನು ಸುತ್ತಿಕೊಂಡು ಒಂದು ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಒಂದು ಉಂಗುರ. ಕೊಕ್ಕೆಯಂಥ ಪಾನಾ ಹಾಕಿ ಆ ಉಂಗುರ ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗಿ ಗಾಡಿ ಎತ್ತರ ನಿಲ್ಲುತ್ತದೆ, ಸಡಿಲಿಸಿದರೆ ತಗ್ಗುತ್ತದೆ. ಓಡಿಸುವವರು ಕೂತಾಗ ಗಾಡಿ ಇಷ್ಟೇ ತಗ್ಗಬೇಕು ಎಂದು ಒಂದು ಹದವಿದೆ. ಹೆಚ್ಚು ತಗ್ಗಿದರೆ ದಿಬ್ಬಕ್ಕೆ ಹೊಟ್ಟೆ ಉಜ್ಜುತ್ತದೆ. ತಗ್ಗದೇ ಹೋದರೆ ಕಲ್ಲು ಸಿಕ್ಕಾಗ ಗಾಡಿ ಎಗರಿ ಕೂತವರನ್ನೇ ಒಗೆಯುತ್ತದೆ. "ಗಾಡಿ ನನ್ನ ತೂಕಕ್ಕೆ ಸೆಟ್ ಆಗಿದೆ ಮಮ್ಮಿ, ಬೇರೆಯವರು ಕೂತರೆ ಬೇರೆ ಗಾಡಿ ಆಗ್ತದೆ," ಎಂದಳು. ಹೊಲಿಸಿದ ಕುಪ್ಪಸದ ಬಗ್ಗೆ ನನ್ನ ವಯಸ್ಸಿನವರು ಮಾತಾಡುವ ಧಾಟಿಯಲ್ಲೇ ಅವಳು ಆ ಉಂಗುರದ ಬಗ್ಗೆ ಮಾತಾಡಿದಳು. ಅವಳಿಗೆ ಆ ಸೀಟು ಎಷ್ಟು ಬೇಕಾಗಿತ್ತು ಎಂದು ನನಗೆ ಅವತ್ತು ಗೊತ್ತಾಯಿತು. ನನಗೆ ಅದು ಬೇಡವಾಗಿತ್ತು.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ನವಮಿಗೆ ಖಂಡೇಪೂಜೆ. ಮನೆಯ ಈಳಿಗೆಮಣೆಯಿಂದ ಹಿಡಿದು ಓಣಿಯ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆಯಾಗುತ್ತದೆ. ಇಲ್ಲಿಯವರು ಗಾಡಿಗೆ ಪೂಜೆ ಮಾಡುವುದು ಮರುದಿನ, ದಸರೆಯಂದು. ಮೊಮ್ಮಗಳು ಆ ಪಂಜರದಲ್ಲಿ ಕೂರುವುದು ತಪ್ಪುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅತ್ತೆ ಒಂದು ಷರತ್ತು ಹಾಕಿದರು: ಪೂಜೆ ನನ್ನ ಕೈಯಿಂದ ಆಗಬೇಕು. ತಂಡದ ಕ್ಯಾಪ್ಟನ್ ಖುಷಿಯಿಂದ ಒಪ್ಪಿದ. ಅವನು ಅಹಮದಾಬಾದಿನ ವಟ್ವಾ ಕಡೆಯ ಹುಡುಗ, ಕೊನೆಯ ವರ್ಷದವನು, ಯಾರ ಅಜ್ಜಿ ಬಂದರೂ ದಾದೀಜಿ ಎಂದು ಕಾಲಿಗೆ ಬೀಳುವಷ್ಟು ಸಂಭಾವಿತ. ಆಮೇಲೆ ಆದದ್ದಕ್ಕೆಲ್ಲ ಅವನ ಸಂಭಾವಿತತನವೇ ಕಾರಣ.

ಕಾಲೇಜಿನ ವರ್ಕ್‌ಶಾಪಿನ ಮುಂದೆ ಗಾಡಿ ನಿಲ್ಲಿಸಿದ್ದರು. ಹಿಂದಿನ ದಿನವೇ ಎಲ್ಲ ತಪಾಸಣೆ ಮುಗಿಸಿ ಟೈರುಗಳ ಮೇಲೆ ಸೀಮೆಸುಣ್ಣದಿಂದ ಓಕೆ ಎಂದು ಬರೆದಿದ್ದರು. ಅತ್ತೆ ಪೈಪುಗಳಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸ್ಟಿಯರಿಂಗಿಗೆ ಚೆಂಡುಹೂವಿನ ಮಾಲೆ ಹಾಕಿ, ಎಂಜಿನ್ನಿಗೆ ಊದಿನಕಡ್ಡಿ ತೋರಿಸಿದರು. ಎಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು. ನಾನು ಊದಿನಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಂಡು ದೂರದಲ್ಲಿ ಸಿಗಿಸಿ ಬಂದೆ. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ವಿಮೆಯ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಕೊನೆಗೆ ಅತ್ತೆ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಮಗಳು ಹೆಲ್ಮೆಟ್ ಹಾಕಿಕೊಂಡು ಕೂತು ಗಾಡಿಯನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟಳು.

ನಿಂಬೆಹಣ್ಣು ಒಡೆಯಲಿಲ್ಲ. ಒಂದೂ ಒಡೆಯಲಿಲ್ಲ. ಇಂಥ ಗಾಡಿಯ ಟೈರಿಗೆ ಗಾಳಿ ಬಹಳ ಕಡಿಮೆ ತುಂಬುತ್ತಾರೆ. ಮೆತ್ತಗಿದ್ದರೆ ಅದು ಕಲ್ಲುಮಣ್ಣನ್ನು ತಬ್ಬಿಕೊಂಡು ಹೋಗುತ್ತದೆ. ನಿಂಬೆಹಣ್ಣನ್ನೂ ಹಾಗೆಯೇ ತಬ್ಬಿಕೊಂಡು, ಆ ಕಡೆ ಇಳಿಸಿ, ಮುಂದೆ ಹೋಯಿತು. ಅತ್ತೆ ನಾಲ್ಕನ್ನೂ ಆರಿಸಿ ಕೈಯಲ್ಲಿಟ್ಟುಕೊಂಡು ನೋಡಿದರು. ಮಾರ್ಕೆಟ್ಟಿಗೆ ಮರಳಿ ಕೊಟ್ಟರೂ ತೆಗೆದುಕೊಳ್ಳುವಷ್ಟು ಚೆನ್ನಾಗಿದ್ದವು.

"ಇದು ಬರೋಬ್ಬರಿ ಆಗಲಿಲ್ಲ," ಎಂದರು.

ಎರಡನೇ ಸಲವೂ ಹಾಗೇ ಆಯಿತು. ಮಗಳಿಗೆ ನಾಚಿಕೆಯಾಯಿತೋ ಸಿಟ್ಟು ಬಂತೋ, ಹೆಲ್ಮೆಟ್ ತೆಗೆದಿಟ್ಟು, ಎಲ್ಲರಿಗೂ ಫಾಫಡಾ ಜಿಲೇಬಿ ತರುತ್ತೇನೆ ಎಂದು ನಾಲ್ಕೈದು ಜನರ ಜೊತೆ ಗೇಟಿನ ಹೊರಗೆ ಹೋದಳು. ದಸರೆಯ ದಿನ ಗುಜರಾತಿನಲ್ಲಿ ಆ ಕರಿದ ತಿಂಡಿ ತಿನ್ನದವರಿಲ್ಲ. ಅದರ ಸಾಲು ಪಡಿತರದ ಸಾಲಿಗಿಂತ ಉದ್ದ. ಅವಳು ಬೇಗ ಬರುವ ಹಾಗಿರಲಿಲ್ಲ.

ಅತ್ತೆ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತರು. ಮುಖ ಸಣ್ಣದಾಗಿತ್ತು. ಕ್ಯಾಪ್ಟನ್ ಬಂದು ಏನಾಯಿತು ದಾದೀಜಿ ಎಂದು ಕೇಳಿದ. ಹಣ್ಣು ಯಾಕೆ ಒಡೆಯಲಿಲ್ಲ ಎಂದು ಕೇಳು ಅವನನ್ನು, ಎಂದು ಅತ್ತೆ ನನಗೆ ಹೇಳಿದರು. ಕೇಳಿದೆ. ಟೈರು ಮೆತ್ತಗಿದೆ ಎಂದ. ಹಾಗಾದರೆ ಗಟ್ಟಿ ಮಾಡು ಅನ್ನು, ಎಂದರು. ಅಂದೆ. ಅವನು ಒಂದು ಕ್ಷಣ ಯೋಚಿಸಿ, ಪೈಪು ಎಳೆದು ತಂದು ನಾಲ್ಕೂ ಟೈರಿಗೆ ಗಾಳಿ ತುಂಬಿದ. ಟೈರುಗಳು ಹಬ್ಬದ ಊಟ ಮಾಡಿದವರಂತೆ ಬಿಗಿದುಕೊಂಡವು. ಅವನೇ ಕೂತು ಗಾಡಿ ಬಿಟ್ಟ. ನಾಲ್ಕೂ ಹಣ್ಣು ಒಂದೊಂದಾಗಿ ಚಿಟಕ್ ಎಂದು ಒಡೆದು ರಸ ಹಾರಿತು. ಅತ್ತೆ ಕೈಮುಗಿದರು. ಕ್ಯಾಪ್ಟನ್ನೂ ಮುಗಿದ. ಮಗಳು ಜಿಲೇಬಿ ತರುವ ಹೊತ್ತಿಗೆ ಎಲ್ಲರೂ ಪ್ರಸನ್ನರಾಗಿದ್ದರು. ಹೇಗೆ ಒಡೆಯಿತು ಎಂದು ಅವಳು ಕೇಳಿದಳು. ದೇವರು ಒಪ್ಪಿಕೊಂಡ ಎಂದು ಅತ್ತೆ ಹೇಳಿದರು. ಅವಳು ಹೆಚ್ಚು ಕೇಳಲಿಲ್ಲ. ಎಲ್ಲರಿಗೂ ಹಸಿವಾಗಿತ್ತು.

ತುಂಬಿದ ಗಾಳಿಯನ್ನು ಆಮೇಲೆ ಯಾರೂ ತೆಗೆಯಲಿಲ್ಲ. ಕ್ಯಾಪ್ಟನ್ನಿನ ತಲೆಯಲ್ಲಿ ಪೂಜೆಯೇ ಬೇರೆ, ಎಂಜಿನಿಯರಿಂಗೇ ಬೇರೆ. ಪೂಜೆಗೆಂದು ತುಂಬಿದ ಗಾಳಿ ಅವನ ಪಾಲಿಗೆ ಗಾಳಿಯಲ್ಲ, ಕರ್ಪೂರದ ಸಾಲಿಗೆ ಸೇರಿದ್ದು. ಉಳಿದವರು ಮರುದಿನ ಬಂದು ನೋಡಿದರೆ ಟೈರಿನ ಮೇಲೆ ಸೀಮೆಸುಣ್ಣದ ಓಕೆ ಹಾಗೇ ಇದೆ, ಅದರ ಪಕ್ಕದಲ್ಲಿ ಕುಂಕುಮ. ಎರಡು ಕಡೆಯಿಂದಲೂ ಒಪ್ಪಿಗೆ ಸಿಕ್ಕ ಟೈರನ್ನು ಮತ್ತೆ ಮುಟ್ಟುವುದು ಯಾಕೆ?

ಗಾಡಿ ಎಗರತೊಡಗಿತು. ಕಾಲೇಜಿನ ಹಿಂದಿನ ಬಯಲಲ್ಲಿ ದಿನಾ ಸಂಜೆ ಓಡಿಸಿ ನೋಡುತ್ತಿದ್ದರು. ಮೊದಲು ಬೆಣ್ಣೆಯಂತೆ ದಿಬ್ಬ ದಾಟುತ್ತಿದ್ದ ಗಾಡಿ ಈಗ ಹಿಡಿಗಾತ್ರದ ಕಲ್ಲಿಗೂ ಪುಟಿಯುತ್ತಿತ್ತು. ಮಗಳು ಸ್ಪ್ರಿಂಗು ಸಡಿಲಿಸಿದಳು. ಹೊಟ್ಟೆ ನೆಲಕ್ಕೆ ತಾಗಿತು, ಪುಟಿಯುವುದು ನಿಲ್ಲಲಿಲ್ಲ. ಬಿಗಿ ಮಾಡಿದಳು. ಇನ್ನೂ ಹೆಚ್ಚು ಪುಟಿಯಿತು. ಮುಂದಿನದನ್ನು ಸಡಿಲಿಸಿ ಹಿಂದಿನದನ್ನು ಬಿಗಿ ಮಾಡಿದಳು, ಆಮೇಲೆ ಅದನ್ನು ತಿರುವುಮುರುವು ಮಾಡಿದಳು. ಮನೆಗೆ ಬಂದರೆ ಊಟದ ತಟ್ಟೆಯ ಅಂಚನ್ನು ಬೆರಳಿನಿಂದ ಅತ್ತ ಇತ್ತ ತಿರುಗಿಸುತ್ತ ಕೂರುತ್ತಿದ್ದಳು. ಮೊದಲು ತನ್ನ ಲೆಕ್ಕದ ಮೇಲೆ ಅನುಮಾನಪಟ್ಟಳು, ಆಮೇಲೆ ಪಾನಾದ ಮೇಲೆ, ಆಮೇಲೆ ತನ್ನ ಮೇಲೆ. ಒಂದು ಸಂಜೆ ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ತಿರುಗಿ, ಮಣಿಕಟ್ಟು ಬಾತುಕೊಂಡು ಬಂದಳು. ಅತ್ತೆ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟರು.

"ಅಜ್ಜಿ, ಗಾಡಿ ನನ್ನ ಮಾತು ಕೇಳಲ್ಲ," ಎಂದಳು.

"ಎಗರತೈತೇನು?"

"ಹೂಂ. ಕಲ್ಲು ಬಂದ್ರೆ ಎಗರತೈತಿ."

ಅತ್ತೆ ಶಾಖದ ಗಂಟನ್ನು ಇನ್ನೊಮ್ಮೆ ಹಂಚಿನ ಮೇಲಿಟ್ಟರು.

ದೀಪಾವಳಿಗೆ ಐದಾರು ದಿನ ಇರುವಾಗ ಕ್ಯಾಪ್ಟನ್ ಮಗಳನ್ನು ಕರೆದು, ಬಹಳ ಮರ್ಯಾದೆಯಿಂದಲೇ, ಒಂದು ಮಾತು ಹೇಳಿದ. ತಪ್ಪು ಸಸ್ಪೆನ್ಷನ್ನಿನಲ್ಲಿ ಇರಬೇಕು, ಇಲ್ಲವೇ ಓಡಿಸುವವರಲ್ಲಿ ಇರಬೇಕು, ನಮ್ಮ ಕಷ್ಟವೆಂದರೆ ಎರಡೂ ನೀನೇ. ಸೀಟನ್ನು ಇನ್ನೊಬ್ಬನಿಗೆ ಕೊಡೋಣ. ಅವನು ದಪ್ಪ ಇದ್ದಾನೆ, ಅವನ ಭಾರಕ್ಕಾದರೂ ಗಾಡಿ ಕೂತೀತು. ಆದರೆ ಸ್ಪ್ರಿಂಗುಗಳ ಕೆಲಸ ನಿನ್ನದೇ, ಅವನ ತೂಕಕ್ಕೆ ನೀನೇ ಹೊಂದಿಸಿಕೊಡು. ಇದನ್ನು ಮಗಳು ಮನೆಗೆ ಬಂದು ಪಾಠ ಒಪ್ಪಿಸುವವಳಂತೆ ಹೇಳಿ ಕೈಕಾಲು ತೊಳೆಯಲು ಹೋದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವರೆಲ್ಲ ಅಂದುಕೊಂಡರಂತೆ. ಗುಜರಾತಿಯಲ್ಲಿ ಅದಕ್ಕೆ ಸರಿಯಾದ ಗಾದೆಯೂ ಇದೆ. ಅಂಥ ಗಾದೆ ಇಲ್ಲದ ಭಾಷೆ ಇರಲಾರದು.

ನನಗೆ ಸಮಾಧಾನವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಸೂರತ್ತಿಗೆ ಫೋನ್ ಮಾಡಿ ಹೇಳಿದಾಗ ಯಜಮಾನರೂ ಪೀಡೆ ಹೋಯಿತು ಎಂದರು. ಅತ್ತೆ ಮಾತಿನಲ್ಲಿ ಏನೂ ಹೇಳದೆ, ಹಬ್ಬಕ್ಕೆ ಮೊದಲೇ ಕಡಲೆಬೇಳೆ ನೆನೆಹಾಕಿ ಹೋಳಿಗೆ ಮಾಡಿದರು. ಮಗಳಿಗೆ ಹೋಳಿಗೆ ಎಂದರೆ ಇಷ್ಟ, ಆದರೆ ಒಂದು ತಿಂದು ಸಾಕು ಎನ್ನುವವಳು. ಮೊದಲೇ ಹೇಳಿದೆನಲ್ಲ, ಸಾಕು ಎನ್ನುವುದು ಅವಳಿಗೆ ಚೆನ್ನಾಗಿ ಬರುವ ಕನ್ನಡ. ಅವತ್ತು ಅತ್ತೆ ಹಾಕಿದರು, ತಿಂದಳು. ಇನ್ನೊಂದು ಹಾಕಿದರು, ತಿಂದಳು. ಮತ್ತೊಂದು ಹಾಕಿದರು. ತಟ್ಟೆಯಲ್ಲಿ ಏನಿದೆ ಎಂದು ನೋಡದೆ ಅದನ್ನೂ ಮುರಿದು ಬಾಯಿಗಿಟ್ಟಳು. ನಾಲ್ಕನೆಯದನ್ನು ಅತ್ತೆ ಕೈಯಲ್ಲೇ ಹಿಡಿದುಕೊಂಡು ನಿಂತರು. ಆಮೇಲೆ ಡಬ್ಬಿಗೆ ವಾಪಸು ಹಾಕಿದರು.

ಮರುದಿನ ಬೆಳಿಗ್ಗೆ ಮಗಳು ಕಾಲೇಜಿಗೆ ಹೋಗಿದ್ದಳು. ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾನು ಕಚೇರಿಯ ಡಬ್ಬಿ ಕಟ್ಟುತ್ತಿದ್ದೆ. ರೊಟ್ಟಿಯ ಮೇಲಿಂದ ಕಣ್ಣೆತ್ತದೆ ಅವರು ಕೇಳಿದರು:

"ಅವತ್ತ ಗಾಲಿಗೆ ಗಾಳಿ ತುಂಬಿಸಿದ್ವಲ್ಲ, ಅದನ್ನ ತಗದಾರೇನು?"

"ಯಾವತ್ತ?"

"ದಸರಾದಾಗ. ಲಿಂಬಿಹಣ್ಣು ಒಡೀವಲ್ದಂತ."

ನಾನು ಡಬ್ಬಿಯ ಮುಚ್ಚಳ ಹಿಡಿದು ನಿಂತೆ. ಗಟ್ಟಿ ಮಾಡು ಎಂದು ಅವನಿಗೆ ಹಿಂದಿಯಲ್ಲಿ ಹೇಳಿದವಳು ನಾನೇ. ಆದರೆ ನನ್ನ ತಲೆಯೊಳಗೆ ಆ ಮಾತು ಒಂದು ಕಿವಿಯಿಂದ ಬಂದು ಬಾಯಿಂದ ಹೋಗಿತ್ತು, ಮಧ್ಯದಲ್ಲಿ ಎಲ್ಲೂ ನಿಂತಿರಲಿಲ್ಲ.

"ನಿಮ್ಮ ಮಾವ ಸೈಕಲ್ಲಿಗೆ ಗಾಳಿ ಹೆಚ್ಚ ಹೊಡಸಿದ್ರ ಹಿಂದ ಕುಂತ ನನ್ನ ನಡ ಮುರೀತಿತ್ತು," ಎಂದರು ಅತ್ತೆ. "ಇದೂ ಗಾಲೀನ ಅಲ್ಲೇನು? ಬ್ಯಾರೆ ಏನೈತಿ ಅದರಾಗ?"

"ಇದು ನಿಮಗ ಯಾವಾಗ ಹೊಳೀತು?"

"ಆಕಿ ಕೈ ಬಾತು ಬಂದಳಲ್ಲ, ಅವತ್ತ."

"ಮತ್ತ ಹೇಳಲಿಲ್ಲ?"

ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದರು. "ಹೇಳಿದ್ರ ಮತ್ತ ಅದರಾಗ ಕುಂಡರತಿದ್ದಳಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಕ್ಷಣ ಗೊತ್ತಾಗಲಿಲ್ಲ. ಅತ್ತೆಯ ಮೇಲೆ ಬಂದಿದ್ದರೆ ಸುಲಭವಿತ್ತು, ಅದು ಇಪ್ಪತ್ತು ವರ್ಷದ ರೂಢಿ. ಆದರೆ ಸೀಟು ಹೋಯಿತೆಂದು ಕೇಳಿ ಸಮಾಧಾನಪಟ್ಟವಳು ನಾನೂ ಹೌದಲ್ಲ. ಇಬ್ಬರ ಆಸೆಯೂ ಒಂದೇ ಆಗಿತ್ತು, ಕಾರಣ ಗೊತ್ತಿದ್ದದ್ದು ಮಾತ್ರ ಅವರಿಗೆ.

"ನಿನ್ನೆ ಹೋಳಿಗಿ ಉಣ್ಣುವಾಗ ನೋಡಿದಿಲ್ಲೋ," ಎಂದರು. "ಹೆಣದ ಬಾಯಾಗ ಹಾಕಿದಂಗಿತ್ತು. ಆಕಿ ಸುಖವಾಗಿ ಇರಲೆಂತ ನಾ ಬಾಯಿ ಮುಚ್ಚಿದೆ. ಹಿಂಗಿರೂದು ನನಗ ನೋಡಾಕ ಆಗವಲ್ದು."

"ಫೋನ್ ಮಾಡಿ ಹೇಳಿಬಿಡ್ತೀನಿ ಆಕಿಗೆ."

"ಬ್ಯಾಡ. ಬಾಯಿ ಮುಚ್ಚಿದಾಕಿ ನಾನು, ತಗಿಯಾಕಿನೂ ನಾನ. ಆ ಹುಡುಗೂರ ಮುಂದ ಹೇಳಬೇಕು. ಆಟೋ ಕರಿ."

ಕಚೇರಿಗೆ ಅರ್ಧ ದಿನ ರಜೆ ಹೇಳಿದೆ. ಅತ್ತೆ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಸಂಬಂಧ ಮಾತಾಡಲು ಹೊರಟವರಂತೆ ಆಟೋದಲ್ಲಿ ಕೂತರು. ದಾರಿಯಲ್ಲಿ ಗೋರ್ವಾದ ಗುಂಡಿಗಳು ಬಂದಾಗ ಆಟೋದ ಪಟ್ಟಿ ಹಿಡಿದುಕೊಂಡರು.

ವರ್ಕ್‌ಶಾಪಿನಲ್ಲಿ ಅರ್ಧಕ್ಕರ್ಧ ಜನ ಹಬ್ಬಕ್ಕೆ ಊರಿಗೆ ಹೋಗಿದ್ದರು. ಗಾಡಿಯ ಸೀಟಿನಲ್ಲಿ ಆ ದಪ್ಪ ಹುಡುಗ ಕೂತಿದ್ದ. ಮಗಳು ನೆಲದ ಮೇಲೆ ಅಂಗಾತ ಮಲಗಿ ಪಾನಾ ಹಾಕಿ ಉಂಗುರ ತಿರುಗಿಸುತ್ತಿದ್ದಳು, ಬಾತ ಕೈಗೆ ಪಟ್ಟಿ ಸುತ್ತಿತ್ತು. ಕ್ಯಾಪ್ಟನ್ ಟೇಪು ಹಿಡಿದಿದ್ದ. ನಮ್ಮನ್ನು ನೋಡಿ ಅವನು ಎಂದಿನಂತೆ ಕಾಲಿಗೆ ಬಗ್ಗಿದ. ಅತ್ತೆ ಅವನ ತಲೆ ಮುಟ್ಟಿ, ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು:

"ಇದರಾಗ ಹುಡುಗೀದು ಏನೂ ತಪ್ಪಿಲ್ಲ. ಗಾಲಿಗೆ ಗಾಳಿ ಹಾಕಿಸಿದಾಕಿ ನಾನು. ಲಿಂಬಿಹಣ್ಣು ಒಡೀಲೆಂತ ಹಾಕಿಸಿದೆ. ಅದನ್ನ ಯಾರೂ ತಗದಿಲ್ಲ. ಅದಕ್ಕ ಎಗರತೈತಿ."

ನಾನು ಹಿಂದಿಯಲ್ಲಿ ಹೇಳಿದೆ. ಈ ಸಲ ಪ್ರತಿ ಮಾತನ್ನೂ ತಲೆಯೊಳಗೆ ನಿಲ್ಲಿಸಿಕೊಂಡು ಹೇಳಿದೆ. ಕ್ಯಾಪ್ಟನ್ನಿನ ಮುಖ ನೋಡುವಂತಿತ್ತು. ಅವನು ಟೇಪನ್ನು ಕೆಳಗಿಟ್ಟು, ಕಪಾಟಿನಿಂದ ಗಾಳಿ ಅಳೆಯುವ ಮೀಟರು ತಂದು ಒಂದು ಟೈರಿಗೆ ಹಿಡಿದ. ನೋಡಿದ. ಎರಡನೆಯದಕ್ಕೆ ಹಿಡಿದ. ಉಳಿದೆರಡನ್ನು ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

"ದಾದೀಜಿ, ತುಂಬಿದವನು ನಾನು," ಎಂದ.

"ತುಂಬು ಅಂದಾಕಿ ನಾನು."

"ತೆಗೆಯಬೇಕಾದವನು ನಾನಾಗಿದ್ದೆ."

ತಪ್ಪಿಗಾಗಿ ಇಬ್ಬರೂ ಮದುವೆಮನೆಯಲ್ಲಿ ಎಲೆಗೆ ಕೂರಲು ನೀವು ಮೊದಲು ತಾವು ಮೊದಲು ಎನ್ನುವವರಂತೆ ಆಡುತ್ತಿದ್ದರು. ನಡುವೆ ನಿಂತು ನಾನು ಎರಡೂ ಕಡೆಗೆ ಅನುವಾದಿಸುತ್ತಿದ್ದೆ. ಮಗಳು ನೆಲದಿಂದ ಎದ್ದು ಕೂತಿದ್ದಳು. ಅವಳು ಕ್ಯಾಪ್ಟನ್ನಿನ ಕಡೆ ನೋಡಲಿಲ್ಲ.

"ಅಜ್ಜಿ, ನಿಮಗೆ ಗೊತ್ತಿತ್ತು?"

ಇಲ್ಲ, ಈಗ ಹೊಳೆಯಿತು, ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಆ ಸುಳ್ಳು ಬಂದೂ ಬಿಟ್ಟಿತ್ತು. ಅತ್ತೆ, "ಗೊತ್ತಿತ್ತು," ಎಂದರು. "ನಿನ್ನ ಕೈಗೆ ಶಾಖ ಕೊಟ್ಟಾಗಿಂದ ಗೊತ್ತಿತ್ತು. ನೀ ಇದರಾಗ ಕೂಡಬಾರದಂತ ಹೇಳಲಿಲ್ಲ."

ಇಷ್ಟು ಕನ್ನಡ ಅವಳಿಗೆ ಪೂರ್ತಿ ಅರ್ಥವಾಯಿತು. ಎದ್ದು ಒಂದೊಂದೇ ಟೈರಿನ ಬಳಿ ಹೋಗಿ ಕೂತು ಗಾಳಿ ಬಿಟ್ಟಳು. ನಾಲ್ಕು ಟೈರು ಸುಸ್ ಎನ್ನುವಷ್ಟು ಹೊತ್ತು ಅಲ್ಲಿ ಬೇರೆ ಸದ್ದಿರಲಿಲ್ಲ. ಅತ್ತೆ ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ನಾನು ಯಾರ ಪಕ್ಕ ಹೋಗಿ ನಿಲ್ಲಬೇಕು ಎಂದು ತಿಳಿಯದೆ ಕೈಚೀಲದಲ್ಲಿ ಕರವಸ್ತ್ರ ಹುಡುಕಿದೆ.

ಕ್ಯಾಪ್ಟನ್ ಸೀಟಿನಲ್ಲಿದ್ದವನಿಗೆ ಇಳಿ ಎಂದು ಸನ್ನೆ ಮಾಡಿದ. ಅವನು ಇಳಿದ ವೇಗ ನೋಡಿದರೆ ಈ ಬದಲಾವಣೆಯಿಂದ ಹೆಚ್ಚು ಖುಷಿಯಾದದ್ದು ಅವನಿಗೇ. "ಸೀಟು ನಿನ್ನದು," ಎಂದು ಕ್ಯಾಪ್ಟನ್ ಮಗಳಿಗೆ ಹೇಳಿದ. "ಸೆಟಿಂಗ್ ಮೊದಲಿಂದ ಮಾಡಬೇಕು."

ಅಲ್ಲಿ ಒಂದು ತೊಡಕು ಬಂತು. ಓಡಿಸುವವರ ಭಾರ ಸೀಟಿನ ಮೇಲಿರುವಾಗಲೇ ಗಾಡಿ ಎಷ್ಟು ತಗ್ಗಿದೆ ಎಂದು ಅಳೆದು ಉಂಗುರ ತಿರುಗಿಸಬೇಕು. ಮಗಳು ಸೀಟಿನಲ್ಲಿ ಕೂತರೆ ಪಾನಾ ಹಿಡಿಯುವವರಿಲ್ಲ. ಆ ಕೆಲಸ ಅವಳು ಇನ್ನೊಬ್ಬರ ಕೈಗೆ ಕೊಡುವವಳಲ್ಲ. ಅವಳು ಕೆಳಗಿದ್ದರೆ ಅವಳಷ್ಟೇ ತೂಗುವ ಇನ್ಯಾರೋ ಮೇಲಿರಬೇಕು. ಮೊದಲೆಲ್ಲ ಹಾಗೆ ಕೂರುತ್ತಿದ್ದ, ಅವಳಷ್ಟೇ ತೂಕದ ಹಾಸ್ಟೆಲಿನ ಗೆಳತಿ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಅಲ್ಲಿದ್ದ ಹುಡುಗರೆಲ್ಲ ತುಪ್ಪ ತಿಂದು ಬೆಳೆದವರು. ಮಗಳು ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ಬಂದು, ನಿಲ್ಲದೆ, ಮುಂದೆ ಹೋಯಿತು. ಹೆತ್ತ ತಾಯಿಯನ್ನು ಹಾಗೆ ದಾಟಿ ಹೋಗಬಾರದು. ಆದರೆ ಲೆಕ್ಕ ಲೆಕ್ಕವೇ.

ಕಣ್ಣು ಅಜ್ಜಿಯ ಮೇಲೆ ನಿಂತಿತು.

"ಅಜ್ಜಿ, ನೀವು ಕೂಡ್ತೀರಿ?" ಎಂದಳು. ದನಿ ಇನ್ನೂ ಸರಿಹೋಗಿರಲಿಲ್ಲ.

ಅತ್ತೆ ನನ್ನ ಕಡೆ ನೋಡಿದರು. ನಾನು ಅನುವಾದಿಸಲು ಏನೂ ಇರಲಿಲ್ಲ. ಸಾಮಾನು ತೂಗುವ ತಕ್ಕಡಿಯ ಮೇಲೆ ಅವರನ್ನು ನಿಲ್ಲಿಸಿದರು. ಮೊಮ್ಮಗಳಿಗಿಂತ ಚೂರೇ ಚೂರು ಹೆಚ್ಚು, ಅದೂ ಇಳಕಲ್ ಸೀರೆಯದು. ಕ್ಯಾಪ್ಟನ್ನಿಗೆ ಗಣಿತದ ಆನಂದವಾಯಿತು. ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒಂದು ಪೈಪಿನ ಮೇಲೆ ಕಾಲಿಟ್ಟು, ಇನ್ನೊಂದನ್ನು ಹಿಡಿದು, ಆ ಪಂಜರದೊಳಗೆ ಇಳಿದರು. ಎರಡು ಹೆಗಲ ಮೇಲಿಂದ, ನಡುವಿನಿಂದ, ತೊಡೆಯ ಮಧ್ಯದಿಂದ ಬರುವ ಪಟ್ಟಿಗಳನ್ನೆಲ್ಲ ಮಗಳು ತಾನೇ ಬಿಗಿದಳು. ನಾನು ಫೋಟೋ ತೆಗೆಯಲು ಫೋನು ಎತ್ತಿದೆ. ಇಬ್ಬರೂ ನೋಡಿದ ರೀತಿಗೆ ಕೆಳಗಿಳಿಸಿದೆ.

ಕೆಳಗೆ ಮಲಗಿ ಅಳೆದ ಮಗಳು, ಇದು ಸರಿಯಾಗುತ್ತಿಲ್ಲ, ಎಂದಳು. ತಲೆ ಎತ್ತಿ ನೋಡಿದಳು. ಅತ್ತೆ ಎರಡೂ ಪಕ್ಕದ ಪೈಪುಗಳನ್ನು ಬಿಗಿಯಾಗಿ ಹಿಡಿದು, ಸೀಟಿಗೆ ಮೈ ತಾಗಿಯೂ ತಾಗದಂತೆ ಕೂತಿದ್ದರು. ಅರ್ಧ ಭಾರ ಕೈಯಲ್ಲೇ ಇತ್ತು.

"ಅಜ್ಜಿ, ಕೈ ಬಿಡ್ರಿ. ಪೂರಾ ಕೂಡ್ರಿ."

"ಬೀಳೂದಿಲ್ಲೇನು?"

"ಇಲ್ಲ."

ಒಂದು ಕೈ ಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ ಬಿಟ್ಟು ತೊಡೆಯ ಮೇಲಿಟ್ಟುಕೊಂಡರು. ಗಾಡಿ ಮೆಲ್ಲಗೆ ತಗ್ಗಿತು. ಮಗಳು ಅಳೆದಳು, ತಿರುಗಿಸಿದಳು, ಗಾಡಿಯನ್ನು ಅಲುಗಿಸಿ ಮತ್ತೆ ಅಳೆದಳು. ಮುಂದಿನ ಎರಡು ಆದ ಮೇಲೆ ಹಿಂದಕ್ಕೆ ಹೋದಳು. ಅತ್ತೆ ಮುಂದೆ ನೋಡುತ್ತ ಕೂತಿದ್ದರು, ಮುಂದಿದ್ದದ್ದು ವರ್ಕ್‌ಶಾಪಿನ ಗೋಡೆ. ಒಂದು ಸಲ ಸ್ಟಿಯರಿಂಗನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಆತು ಅಜ್ಜಿ," ಎಂದು ಮಗಳು ಎದ್ದು ಬಂದಳು.

ಅತ್ತೆ ಇಳಿಯುವ ಲಕ್ಷಣ ಕಾಣಲಿಲ್ಲ. ಹೆಗಲ ಪಟ್ಟಿಯನ್ನು ಜಗ್ಗಿ ನೋಡಿದರು. ತಲೆಯ ಮೇಲಿನ ಪೈಪನ್ನು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ, ಗೆಣ್ಣಿನಿಂದ ಕುಟ್ಟಿದರು.

"ಇದು ಮುರಿಯೂದಿಲ್ಲ?"

"ಮುರಿಯಲ್ಲ."

"ಗಾಡಿ ಬೋರಲ ಬಿದ್ರ?"

"ಬಿದ್ರೂ ಬೆಲ್ಟ್ ಬಿಡಲ್ಲ ಅಜ್ಜಿ. ನಾನು ಒಳಗೇ ಇರ್ತೀನಿ."

ಅತ್ತೆ ಅದನ್ನು ಯೋಚಿಸಿದರು. ಮೊಮ್ಮಗಳ ಪಟ್ಟಿ ಸುತ್ತಿದ ಕೈಯನ್ನು ಪೈಪಿನ ಸಂದಿಯಿಂದ ಹಿಡಿದುಕೊಂಡರು.

"ನನಗ ಅಂಜಿಕಿ ಐತಿ ನೋಡವಾ. ಇವತ್ತೂ ಐತಿ, ನಾಳೆನೂ ಇರತೈತಿ. ಇರಲಿ. ಅಂಜಿಕಿ ನಂದು, ಗಾಡಿ ನಿಂದು."

ಮಗಳು ಅಲ್ಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಪೈಪಿಗೆ ಹಣೆ ಆನಿಸಿದಳು. ಗ್ರೀಸು ಸೀರೆಗೆ ಹತ್ತೀತು ಎಂದು ಹೇಳಲು ಹೋಗಿ ನಾನು ಸುಮ್ಮನಾದೆ. 

"ಈಗ ಬೆಲ್ಟು ಬಿಚ್ಚು," ಎಂದರು ಅತ್ತೆ. "ಮೊಣಕಾಲು ಹಿಡಕೊಂಡಾವು."